ಎಕ್ಸ್‌ರೇಗೆ ಸಿಗದ ಕಾಲುನೋವು

ಕಂಪ್ಲಿಯಲ್ಲಿ ಭತ್ತದ ನಾಟಿ, ಸಂಡೂರಿನಲ್ಲಿ ಗಣಿ ಕೆಲಸ. ಕಾಲು ನೋಯುತ್ತೆ ಅಂದ್ರೆ ‘ದುಡಿದ ನೋವು’ ಅಂತಾರೆ. ಎಕ್ಸ್‌ರೇ ಸರಿಯಿದ್ರೆ ನೋವೇ ಇಲ್ಲ ಅನ್ನೋರೂ ಇದ್ದಾರೆ. ಎಕ್ಸ್‌ರೇ ಎಲುಬು ತೋರಿಸುತ್ತೆ. ನರ, ರಕ್ತನಾಳದ ತೊಂದರೆ ಅದರಲ್ಲಿ ಕಾಣಲ್ಲ.

ಕೂಲಿಯವರ ನೋವೆಲ್ಲ ಬರೀ ದುಡಿದ ನೋವಲ್ಲ ಅನ್ನೋದಕ್ಕೆ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ ನೆನಪಿಸಿಕೊಳ್ಳಿ. 1970ರ ದಶಕದಲ್ಲಿ ಅಲ್ಲಿನ ದಲಿತ ಕೂಲಿ ಕುಟುಂಬಗಳಲ್ಲಿ ಸೊಂಟ, ಮೊಣಕಾಲು ಹಿಡಿದುಕೊಂಡವು. ಕೆಲವರು ತೆವಳಿಕೊಂಡೇ ಓಡಾಡಬೇಕಾಯ್ತು. ಮೊದಲು ಅನುಮಾನ ಹೋಗಿದ್ದು ಕೀಟನಾಶಕ ಬಿದ್ದ ಗದ್ದೆಯ ಏಡಿ ಮೇಲೆ. ಆಮೇಲೆ ಅಧ್ಯಯನಗಳು ಬೊಟ್ಟು ಮಾಡಿದ್ದು ವಂಶಪಾರಂಪರ್ಯದ ಕಡೆ. ಬಡವರ ನೋವಾದ್ದರಿಂದ ಉತ್ತರ ಇಷ್ಟು ತಡವಾಯ್ತು ಅನ್ನೋದು ನನ್ನ ಭಾವನೆ.

ಹಾಗಾಗಿ ನೋವು ಯಾವಾಗ, ಹೇಗೆ ಬರುತ್ತೆ ಅಂತ ನೀವೇ ಗಮನಿಸಿ. ಹಂಪಿಯ ಮತಂಗ ಬೆಟ್ಟ ಹತ್ತುವಾಗ ಮೀನಖಂಡ ಹಿಡಿದು, ನಿಂತ ಕೂಡ್ಲೇ ಬಿಡುತ್ತಾ? ರಕ್ತನಾಳ ಪರೀಕ್ಷೆ ಮಾಡಿಸಿ. ಮುಂದಕ್ಕೆ ಬಾಗಿದ್ರೆ ಹಗುರ ಅನ್ಸುತ್ತಾ? ಬೆನ್ನುಮೂಳೆ ತೋರಿಸಿ. ಮನೆಯಲ್ಲಿ ಇನ್ಯಾರಿಗಾದ್ರೂ ಹೀಗೇ ಇದ್ರೆ, ಡಾಕ್ಟರು ಕೇಳದಿದ್ರೂ ಹೇಳಿ.