ಕಥೆಗೆ ‘ಹೂಂ’ ಎನ್ನುವವರು ಬೇಕು



ಕೆಲವು ವರ್ಷಗಳ ಹಿಂದೆ ನಮ್ಮ ಕಾರ್ಯಕ್ರಮವೊಂದಕ್ಕಾಗಿ ಹಳ್ಳಿಯ ಅಜ್ಜಿಯೊಬ್ಬರನ್ನು ಸ್ಟುಡಿಯೋಗೆ ಕರೆಸಿದ್ದೆವು. ಊರಿನ ಜಗಲಿಯಲ್ಲಿ ಅವರು ಕಥೆ ಹೇಳಲು ಕುಳಿತರೆ ಎರಡು ಗಂಟೆಯಾದರೂ ಮುಗಿಯುತ್ತಿರಲಿಲ್ಲ. ಸ್ಟುಡಿಯೋದ ದೀಪಗಳು ಹೊತ್ತಿಕೊಂಡವು. ‘ಸೈಲೆನ್ಸ್’ ಎಂದು ನಾನೇ ಕೂಗಿದೆ. ಅದೇ ಕಥೆ ಹನ್ನೊಂದು ನಿಮಿಷದಲ್ಲಿ ಮುಗಿದುಹೋಯಿತು. ಏಕೆಂದು ವಿಚಾರಿಸಿದಾಗ ಅಜ್ಜಿ, “ಯಾರೂ ಹೂಂಗುಟ್ಟಲೇ ಇಲ್ಲವಲ್ಲಪ್ಪ. ಗೋಡೆಗೆ ಎಷ್ಟು ಅಂತ ಹೇಳ್ಲಿ?” ಎಂದರು.

ನಾನು ವಿಜ್ಞಾನ ಓದಿದವನು. ಪ್ರಯೋಗದಿಂದ ಒಂದು ಅಂಶವನ್ನು ತೆಗೆದಾಗ ಫಲಿತಾಂಶವೇ ಬದಲಾದರೆ, ಆ ಅಂಶ ಮುಖ್ಯವಾದದ್ದೆಂದು ತಿಳಿಯಬೇಕು. ಅಂದು ನಾನು ಅರಿಯದೆ ಮಾಡಿದ್ದು ಅಂಥದೇ ಪ್ರಯೋಗ. ತೆಗೆದದ್ದು ಕೇಳುಗರನ್ನು.

ಬಾಯಲ್ಲಿ ಹೇಳುವ ಕಥೆ ಬಾಯಿಪಾಠವಲ್ಲ. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಎಂಬ ಅಮೆರಿಕದ ವಿದ್ವಾಂಸರು ಯುಗೊಸ್ಲಾವಿಯದಲ್ಲಿ ಸಾವಿರಾರು ಸಾಲುಗಳ ಕಥನಗೀತಗಳನ್ನು ಧ್ವನಿಮುದ್ರಿಸಿಕೊಂಡರು. ಗಾಯಕರು ಪ್ರತಿ ಸಾಲನ್ನೂ ಕಂಠಪಾಠ ಮಾಡಿರುವುದಿಲ್ಲ, ಸಿದ್ಧ ನುಡಿಗಟ್ಟುಗಳನ್ನೂ ಸನ್ನಿವೇಶಗಳನ್ನೂ ಜೋಡಿಸುತ್ತ ಹಾಡುವ ಹೊತ್ತಿನಲ್ಲೇ ಕಥೆ ಕಟ್ಟುತ್ತಾರೆ ಎಂದು ಅವರು ಕಂಡುಕೊಂಡರು. ಕೇಳುಗರಿಗೆ ಬೇಸರವಾದರೆ ಕಥೆ ಕಿರಿದಾಗುತ್ತದೆ, ಉತ್ಸಾಹವಿದ್ದರೆ ಹಿಗ್ಗುತ್ತದೆ.

ನಮ್ಮ ನಾಡಿನಲ್ಲೇ ಇದಕ್ಕೆ ಸಾಕ್ಷಿಯಿದೆ. 1990ರಲ್ಲಿ ಉಜಿರೆಯ ಸಮೀಪದ ಗೋಪಾಲ ನಾಯ್ಕರು ತುಳುವಿನ ಸಿರಿ ಕಾವ್ಯವನ್ನು ಹಾಡಿದರು. ಫಿನ್ಲೆಂಡಿನ ಲೌರಿ ಹೊಂಕೊ ಅವರು ನಮ್ಮ ವಿವೇಕ ರೈ, ಚಿನ್ನಪ್ಪ ಗೌಡ ಮೊದಲಾದವರೊಡನೆ ಸೇರಿ ಅದನ್ನು ದಾಖಲಿಸಿದರು. 1998ರಲ್ಲಿ ಅಚ್ಚಾದ ಆ ಕಾವ್ಯದ ಉದ್ದ 15,683 ಸಾಲು! ಮಲೆ ಮಹದೇಶ್ವರ ಕಾವ್ಯವನ್ನು ಹಾಡುವ ದೇವರಗುಡ್ಡರ ಹಿಂದೆ ಸೊಲ್ಲು ಹಿಡಿಯುವ ಹಿಮ್ಮೇಳವಿರುತ್ತದೆ. ಬುರ್ರಕಥೆಯ ದರೋಜಿ ಈರಮ್ಮನವರಿಗೂ ದನಿಗೂಡಿಸುವ ಜತೆಗಾತಿಯರಿದ್ದರು. ಮನೆಯ ಕಥೆಯಲ್ಲಿ ಈ ಕೆಲಸ ಮಾಡುವುದು ಮಕ್ಕಳ ‘ಹೂಂ’. ಕೇಳುವವರು ಎಚ್ಚರವಾಗಿದ್ದಾರೆ, ಕಥೆ ಅರ್ಥವಾಗಿದೆ, ಮುಂದೆ ಹೋಗಬಹುದು ಎಂಬ ಮೂರು ಸುದ್ದಿಗಳೂ ಆ ಒಂದು ಅಕ್ಷರದಲ್ಲಿವೆ.

ಈರಮ್ಮನವರು 2014ರಲ್ಲಿ ತೀರಿಕೊಂಡರು. ಅವರು ಹಾಡಿದ ಕಾವ್ಯ ಪುಸ್ತಕವಾಗಿ ಉಳಿದಿದೆ. ಇದು ಸಣ್ಣ ಲಾಭವಲ್ಲ. ಆದರೆ ಪುಸ್ತಕ ಉಳಿಸುವುದು ಒಂದು ದಿನದ ಕಥೆಯನ್ನು. ಕಥೆ ಕಟ್ಟುವ ಶಕ್ತಿ ಒಬ್ಬರಿಂದ ಇನ್ನೊಬ್ಬರಿಗೆ ಎದುರುಬದುರು ಕುಳಿತೇ ದಾಟಬೇಕು. ಹಾಗಾದರೆ ಈ ಕಲೆಗೆ ಬೆಂಬಲವೆಂದರೆ ಮೊದಲು ಕೇಳುಗರನ್ನು ಒದಗಿಸುವುದು.

ಇದಕ್ಕೆ ದೊಡ್ಡ ಅನುದಾನವೇನೂ ಬೇಡ. ನಿಮ್ಮ ಶಾಲೆ ಅಥವಾ ಕಾಲೇಜಿನಲ್ಲಿ ತಿಂಗಳಿಗೊಂದು ಪೀರಿಯಡ್ಡನ್ನು ಊರಿನ ಹಿರಿಯರ ಕಥೆಗೆ ಬಿಟ್ಟುಕೊಡುವಂತೆ ಕೇಳಿ. ವೃತ್ತಿ ಗಾಯಕರನ್ನು ಕರೆದರೆ ಹಾರ ಹಾಕಿ ಕಳುಹಿಸಬೇಡಿ. ಸಂಭಾವನೆಯನ್ನೂ ಪ್ರಯಾಣದ ಖರ್ಚನ್ನೂ ಕೊಡಿ. ಧ್ವನಿಮುದ್ರಣ ಮಾಡುವುದಾದರೆ ಮೊದಲು ಅವರ ಒಪ್ಪಿಗೆ ಪಡೆಯಿರಿ. ಹೇಳಿದವರ ಹೆಸರು, ಊರು, ದಿನಾಂಕ, ಅವರು ಅದನ್ನು ಯಾರಿಂದ ಕಲಿತರು ಎಂಬುದನ್ನು ಬರೆದಿಡಿ. ಕೇಳುಗರ ನಗು, ಪ್ರಶ್ನೆ, ಹೂಂಕಾರಗಳನ್ನು ಗದ್ದಲವೆಂದು ಕತ್ತರಿಸಬೇಡಿ. ಕಡೆಯದಾಗಿ, ಕೇಳಿದ ಕಥೆಯನ್ನು ವಾರದೊಳಗೆ ನಿಮ್ಮ ಮಾತಿನಲ್ಲಿ ಇನ್ನೊಬ್ಬರಿಗೆ ಹೇಳಿ. ತಪ್ಪಿದರೂ ಚಿಂತೆಯಿಲ್ಲ. ಹೇಳಿ ಹೇಳಿಯೇ ಕಥೆಗಾರರಾಗುವುದು.

ನಮ್ಮ ಸ್ಟುಡಿಯೋಗೆ ಬಂದಿದ್ದ ಅಜ್ಜಿ ಈಗಿಲ್ಲ. ಮತ್ತೊಮ್ಮೆ ಅವರ ಜಗಲಿಗೇ ಕ್ಯಾಮೆರಾ ಒಯ್ಯಬೇಕೆಂದು ಮಾಡಿಕೊಂಡ ಯೋಜನೆ ಕಡತದಲ್ಲೇ ಉಳಿಯಿತು. ಎರಡು ಗಂಟೆಯ ಕಥೆಯಲ್ಲಿ ನಮ್ಮ ಬಳಿ ಇರುವುದು ಹನ್ನೊಂದು ನಿಮಿಷ ಮಾತ್ರ.

ನಿಮ್ಮ ಮನೆಯಲ್ಲಿ ಅಥವಾ ಪಕ್ಕದ ಮನೆಯಲ್ಲಿ ಕಥೆ ಬಲ್ಲ ಹಿರಿಯರಿದ್ದರೆ ಇಂದು ರಾತ್ರಿ ಊಟವಾದ ಮೇಲೆ ಟಿ.ವಿ. ಆರಿಸಿ ಅವರ ಹತ್ತಿರ ಹೋಗಿ ಕುಳಿತುಕೊಳ್ಳಿ. ಟಿ.ವಿ.ಯವನಾದ ನಾನೇ ಹೇಳುತ್ತಿದ್ದೇನೆ. ಕುಳಿತು, ‘ಹೂಂ’ ಅನ್ನಿ.