ಕ್ಲಸ್ಟರ್‌ಗೆ ಯಾವ ಜಾಲ?

1994ರಲ್ಲಿ ನಾಸಾದ ಗೊಡ್ಡಾರ್ಡ್ ಕೇಂದ್ರದಲ್ಲಿ ಥಾಮಸ್ ಸ್ಟರ್ಲಿಂಗ್ ಮತ್ತು ಡೊನಾಲ್ಡ್ ಬೆಕರ್ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದಲೇ 16 ಪ್ರೊಸೆಸರ್‌ಗಳ ‘ಬಿಯೋವುಲ್ಫ್’ ಕ್ಲಸ್ಟರ್ (ಜಾಲದಿಂದ ಬೆಸೆದ ಯಂತ್ರಗಳ ಗುಂಪು) ಕಟ್ಟಿದರು. ಅವುಗಳ ವೇಗಕ್ಕೆ 10 ಮೆಗಾಬಿಟ್‌ನ ಒಂದು ಈಥರ್ನೆಟ್ ಸಾಲಲಿಲ್ಲ. ಮಾಹಿತಿಯನ್ನು ಒಂದಕ್ಕಿಂತ ಹೆಚ್ಚು ಜಾಲಗಳ ಮೇಲೆ ಹಂಚಿ ಕಳಿಸಬೇಕಾಯಿತು. ಲೆಕ್ಕ ಮಾಡುವ ಯಂತ್ರ ಅಗ್ಗವಾಯಿತು, ಯಂತ್ರಗಳ ನಡುವಿನ ಮಾತುಕತೆ ದುಬಾರಿಯಾಗಿಯೇ ಉಳಿಯಿತು. ಇಂದಿಗೂ ಸ್ಥಿತಿ ಅದೇ.

ಜಾಲವನ್ನು ಅಳೆಯಲು ಎರಡು ಮಾನಗಳಿವೆ. ಸೆಕೆಂಡಿಗೆ ಎಷ್ಟು ಮಾಹಿತಿ ಹರಿಯುತ್ತದೆ ಎಂಬುದು ಬ್ಯಾಂಡ್‌ವಿಡ್ತ್. ಸಂದೇಶ ಹೊರಟು ತಲುಪಲು ಹಿಡಿಯುವ ಸಮಯ ಲೇಟೆನ್ಸಿ. ಮಾರಾಟಗಾರರ ಕರಪತ್ರದಲ್ಲಿ ಮೊದಲನೆಯದೇ ದಪ್ಪಕ್ಷರದಲ್ಲಿರುತ್ತದೆ. ಅನೇಕ ಪ್ರೋಗ್ರಾಂಗಳನ್ನು ಸೊರಗಿಸುವುದು ಎರಡನೆಯದು. 8 ಬೈಟ್‌ಗಳ ಒಂದು ಸಂಖ್ಯೆ ಗಿಗಾಬಿಟ್ ತಂತಿಯ ಮೇಲೇರಲು 64 ನ್ಯಾನೊಸೆಕೆಂಡ್ ಸಾಕು. ಸಾಮಾನ್ಯ ಈಥರ್ನೆಟ್‌ನಲ್ಲಿ ಅದು ಆಚೆಯ ಪ್ರೋಗ್ರಾಂ ಕೈಸೇರುವ ಹೊತ್ತಿಗೆ ಹತ್ತಾರು ಮೈಕ್ರೊಸೆಕೆಂಡ್ ಕಳೆದಿರುತ್ತದೆ. ಇದು ತಂತಿಯ ತಪ್ಪಲ್ಲ: ಒಂದು ಮೀಟರ್ ಕೇಬಲ್ ದಾಟಲು ಸುಮಾರು 5 ನ್ಯಾನೊಸೆಕೆಂಡ್ ಅಷ್ಟೆ. ಸಮಯ ನುಂಗುವುದು ಆಪರೇಟಿಂಗ್ ಸಿಸ್ಟಂ. ಒಂದೇ ಮಾಹಿತಿಯನ್ನು ಅದು ಮತ್ತೆ ಮತ್ತೆ ನಕಲು ಮಾಡುತ್ತದೆ. ಇನ್ಫಿನಿಬ್ಯಾಂಡ್ ಎಂಬ ಜಾಲ ಆಪರೇಟಿಂಗ್ ಸಿಸ್ಟಂ ಅನ್ನು ಬದಿಗಿಟ್ಟು ಒಂದು ಯಂತ್ರದ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ನೇರವಾಗಿ ಬರೆಯುತ್ತದೆ. ಹಾಗಾಗಿ ಅಲ್ಲಿ ಲೇಟೆನ್ಸಿ ಒಂದೆರಡು ಮೈಕ್ರೊಸೆಕೆಂಡ್‌ಗೆ ಇಳಿಯುತ್ತದೆ.

ಎಲ್ಲರಿಗೂ ಇನ್ಫಿನಿಬ್ಯಾಂಡ್ ಬೇಕೆಂದಿಲ್ಲ. ಅನಿಮೇಷನ್ ಚಿತ್ರದ ಒಂದೊಂದು ಫ್ರೇಮನ್ನು ಒಂದೊಂದು ಯಂತ್ರಕ್ಕೆ ವಹಿಸಿದರೆ ಅವು ಪರಸ್ಪರ ಮಾತಾಡುವುದೇ ಇಲ್ಲ, ಈಥರ್ನೆಟ್ ಧಾರಾಳವಾಯಿತು. ಹವಾಮಾನದ ಲೆಕ್ಕ ಹಾಗಲ್ಲ. ಪ್ರತಿ ಹೆಜ್ಜೆಗೂ ಪ್ರತಿ ನೋಡ್ (ಕ್ಲಸ್ಟರಿನ ಒಂದು ಯಂತ್ರ) ತನ್ನ ಅಂಚಿನ ಮೌಲ್ಯಗಳನ್ನು ನೆರೆಯ ನೋಡ್‌ಗೆ ಕೊಟ್ಟು, ಅದರದ್ದನ್ನು ಪಡೆಯಬೇಕು. ತಡವಾದ ಒಂದು ನೋಡ್‌ಗಾಗಿ ಉಳಿದವೆಲ್ಲ ಕೈಕಟ್ಟಿ ಕೂರುತ್ತವೆ.

ಮುಂದಿನ ಪ್ರಶ್ನೆ ಸ್ವಿಚ್‌ಗಳ ಜೋಡಣೆ. 36 ಪೋರ್ಟ್‌ಗಳ ಸ್ವಿಚ್‌ನಲ್ಲಿ 18 ನೋಡ್‌ಗಳಿಗೆ, 18 ಮೇಲಿನ ಸ್ವಿಚ್‌ಗಳಿಗೆ ಹೋದರೆ ಇಕ್ಕಟ್ಟು ಕಡಿಮೆ. ಈ ‘ಫ್ಯಾಟ್ ಟ್ರೀ’ಯ ಎರಡು ಹಂತಗಳಲ್ಲೇ 648 ನೋಡ್‌ಗಳನ್ನು ಜೋಡಿಸಬಹುದು. ಹಣ ಉಳಿಸಲು 24 ಕೆಳಗೆ, 12 ಮೇಲೆ ಎಂದು ಹಂಚುವುದುಂಟು. ಚಿಕ್ಕ ಕೆಲಸಗಳೇ ಹೆಚ್ಚಿರುವೆಡೆ ಅದು ಸರಿಯಾದ ಉಳಿತಾಯ. ಇಡೀ ಕ್ಲಸ್ಟರನ್ನೇ ಬೇಡುವ ಕೆಲಸಕ್ಕೆ ಅದು ಕಟ್ಟಿಹಾಕುವ ಹಗ್ಗ.

ಭಾರತದಲ್ಲಿ, ಸರ್ಕಾರಿ ಕಂಪ್ಯೂಟಿಂಗ್ ಸಂಶೋಧನಾ ಸಂಸ್ಥೆ ಸಿ-ಡ್ಯಾಕ್ ಬೆಂಗಳೂರಿನಲ್ಲಿ ಸ್ಥಾಪಿಸಿದ ‘ಪರಮ್ ಪದ್ಮ’ಕ್ಕೆ ತಾನೇ ರೂಪಿಸಿದ ಪರಮ್‌ನೆಟ್-2 ಜಾಲವನ್ನು ಅಳವಡಿಸಿತು; ಆ ಯಂತ್ರ 2003ರಲ್ಲಿ ಜಗತ್ತಿನ ಅತಿವೇಗದ 500 ಕಂಪ್ಯೂಟರ್‌ಗಳ ಪಟ್ಟಿ ಸೇರಿತು. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ‘ಪರಮ್ ಪ್ರವೇಗ’ ಇನ್ಫಿನಿಬ್ಯಾಂಡ್ ಬಳಸುತ್ತದೆ. ಈಚೆಗೆ ಈಥರ್ನೆಟ್ ಕೂಡ ನೇರ ಮೆಮೊರಿ ವರ್ಗಾವಣೆ ಕಲಿತಿರುವುದರಿಂದ ಹೆಸರು ನೋಡಿಯೇ ತೀರ್ಮಾನಿಸುವಂತಿಲ್ಲ. ಸಣ್ಣ ಕ್ಲಸ್ಟರ್ ಕಟ್ಟುವ ಕಾಲೇಜುಗಳು ಖರೀದಿ ಆದೇಶಕ್ಕೆ ಮುನ್ನ ನಾಲ್ಕು ನೋಡ್‌ಗಳನ್ನಾದರೂ ಎರವಲು ತಂದು, ತಮ್ಮದೇ ಪ್ರೋಗ್ರಾಂ ಅನ್ನು ಎರಡೂ ಜಾಲಗಳ ಮೇಲೆ ಓಡಿಸಿ ನೋಡಬೇಕು.