ಪ್ರಯಾಣಿಕನೆಂದರೆ ಯಾರು?

ವಿಮಾನದೊಳಗೆ ಕುಳಿತವರೆಲ್ಲರೂ ಪ್ರಯಾಣಿಕರಲ್ಲ. ಅದನ್ನು ನಡೆಸುವ ಚಾಲಕರೂ ಒಳಗಿನವರ ರಕ್ಷಣೆಯ ಹೊಣೆ ಹೊತ್ತ ಪರಿಚಾರಕರೂ ಸಿಬ್ಬಂದಿಯ ವರ್ಗಕ್ಕೆ ಸೇರಿದವರು. ಆ ಹಾರಾಟದಲ್ಲಿ ಯಾವ ಕರ್ತವ್ಯವೂ ಇಲ್ಲದೆ ಒಯ್ಯಲ್ಪಡುವವನೇ ಪ್ರಯಾಣಿಕ. ಬೇರೊಂದು ಊರಿನಲ್ಲಿ ಕೆಲಸಕ್ಕೆ ಹಾಜರಾಗಲೆಂದು ಹಿಂದಿನ ಆಸನದಲ್ಲಿ ಕುಳಿತು ಹೋಗುವ ಚಾಲಕನು ಸಮವಸ್ತ್ರ ಧರಿಸಿದ್ದರೂ ಸಾಮಾನ್ಯವಾಗಿ ಅಷ್ಟು ಹೊತ್ತು ಪ್ರಯಾಣಿಕನೇ ಸರಿ.

ಹಣ ತೆತ್ತವನೇ ಪ್ರಯಾಣಿಕನೆಂಬುದು ಲೆಕ್ಕಪತ್ರದವರ ಮಾತು. 1908ರ ಸೆಪ್ಟೆಂಬರ್ 17ರಂದು ಆರ್ವಿಲ್ ರೈಟನ ಪಕ್ಕದಲ್ಲಿ ಕುಳಿತು ಹಾರಿದ ಲೆಫ್ಟಿನೆಂಟ್ ಥಾಮಸ್ ಸೆಲ್‌ಫ್ರಿಜ್ ಕಾಸು ಕೊಟ್ಟಿರಲಿಲ್ಲ. ವಿಮಾನದ ಚಾಲಕಪಂಖ ಮುರಿಯಿತು. ಆರ್ವಿಲ್ ತೀವ್ರವಾಗಿ ಗಾಯಗೊಂಡನು, ಸೆಲ್‌ಫ್ರಿಜ್ ತೀರಿಕೊಂಡನು. ಎಂಜಿನ್ ವಿಮಾನದ ಅಪಘಾತದಲ್ಲಿ ಪ್ರಾಣ ತೆತ್ತ ಮೊದಲಿಗನು ಚಾಲಕನಲ್ಲ, ಪ್ರಯಾಣಿಕ.

ಟಿಕೆಟಿನ ಪ್ರಯಾಣಿಕನು ಬಂದುದು 1914ರ ಜನವರಿ 1ರಂದು. ಫ್ಲಾರಿಡಾದ ಸೇಂಟ್ ಪೀಟರ್ಸ್‌ಬರ್ಗಿನಿಂದ ಟ್ಯಾಂಪಾಕ್ಕೆ ಹೊರಟ ಪುಟ್ಟ ನೀರುವಿಮಾನದ ಏಕೈಕ ಆಸನವನ್ನು ಏಬ್ರಮ್ ಫೈಲ್ ಹರಾಜಿನಲ್ಲಿ 400 ಡಾಲರಿಗೆ ಕೊಂಡನು! ಮುಂದೆ ದರ 5 ಡಾಲರ್. ಆದರೆ 200 ಪೌಂಡಿಗಿಂತ, ಎಂದರೆ ಸುಮಾರು 91 ಕಿಲೋಗ್ರಾಮಿಗಿಂತ, ಹೆಚ್ಚು ತೂಗುವವರು ಇನ್ನಷ್ಟು ತೆರಬೇಕಾಗಿತ್ತು. ಇದನ್ನು ಜಿಪುಣತನವೆಂದು ನಾವು ನಗಬೇಕಾಗಿಲ್ಲ. ವಿಮಾನಕ್ಕೆ ಪ್ರಯಾಣಿಕನೆಂದರೆ ಮೊಟ್ಟಮೊದಲು ಒಂದು ತೂಕ, ಮತ್ತು ಆ ತೂಕ ಕುಳಿತಿರುವ ಸ್ಥಾನ. ಭಾರ ಹಿಂದಕ್ಕೆ ಸರಿದರೆ ಗುರುತ್ವಕೇಂದ್ರವೂ ಹಿಂದೆ ಸರಿದು, ಮೂತಿ ಮೇಲೇಳತೊಡಗುತ್ತದೆ.

ಈಗ ದೊಡ್ಡ ವಿಮಾನಗಳಲ್ಲಿ ಒಬ್ಬೊಬ್ಬರನ್ನೂ ತೂಗುವ ಪದ್ಧತಿಯಿಲ್ಲ, ಸರಾಸರಿಯನ್ನು ಹಿಡಿಯುತ್ತಾರೆ. ಯೂರೋಪಿನ ನಿಯಮಗಳಲ್ಲಿ ಕೈಚೀಲವೂ ಸೇರಿ ವಯಸ್ಕನೊಬ್ಬನಿಗೆ 84 ಕಿಲೋಗ್ರಾಂ ಎಂಬ ಅಂಕಿಯುಂಟು. ಒಬ್ಬೊಬ್ಬರ ತೂಕವು ಸರಾಸರಿಯಿಂದ ಸುಮಾರು 15 ಕಿಲೋಗ್ರಾಮಿನಷ್ಟು ಅತ್ತಿತ್ತ ಇರುವುದೆನ್ನೋಣ. 9 ಮಂದಿಯ ಗುಂಪಿನ ಸರಾಸರಿಯಲ್ಲಿ ಈ ಏರುಪೇರು 15ನ್ನು 9ರ ವರ್ಗಮೂಲದಿಂದ ಭಾಗಿಸಿದಷ್ಟು, ಅಂದರೆ 5. 225 ಮಂದಿಯಲ್ಲಾದರೋ ಕೇವಲ 1. ಜನ ಹೆಚ್ಚಿದಷ್ಟೂ ಊಹೆ ಗಟ್ಟಿ.

ಆದರೆ ಸರಾಸರಿಯೇ ಹಳತಾಗಿದ್ದರೆ? 2003ರ ಜನವರಿ 8ರಂದು ಅಮೆರಿಕದ ಷಾರ್ಲಟ್ ನಗರದಲ್ಲಿ 19 ಪ್ರಯಾಣಿಕರ ಬೀಚ್‌ಕ್ರಾಫ್ಟ್ ವಿಮಾನವು ನೆಲ ಬಿಟ್ಟೊಡನೆ ಮೂತಿಯೆತ್ತಿ ಉರುಳಿತು. ಇಬ್ಬರು ಚಾಲಕರೂ ಸೇರಿ 21 ಮಂದಿಯೂ ಸತ್ತರು. ಬಾಲದ ಚುಕ್ಕಾಣಿಯ ತಂತಿಯನ್ನು ದುರಸ್ತಿಯಲ್ಲಿ ತಪ್ಪಾಗಿ ಹೊಂದಿಸಲಾಗಿತ್ತು. ಅದರ ಜೊತೆಗೆ ಗುರುತ್ವಕೇಂದ್ರವೂ ಮಿತಿಯನ್ನು ದಾಟಿ ಹಿಂದಿತ್ತು. ಕಾಗದದ ಲೆಕ್ಕವು ಮಾತ್ರ ಎಲ್ಲವೂ ಸರಿಯಿದೆಯೆಂದಿತ್ತು. ತರುವಾಯ ಸಣ್ಣ ವಿಮಾನಗಳ ಪ್ರಯಾಣಿಕರನ್ನು ನಿಜವಾಗಿಯೇ ತೂಗಿ ನೋಡಿದಾಗ ಜನರು ಹಳೆಯ ಅಂಕಿಗಿಂತ ಸರಾಸರಿ 9 ಕಿಲೋಗ್ರಾಮಿನಷ್ಟು ಹೆಚ್ಚು ತೂಗಿದರು. 19 ಮಂದಿಗೆ ಅದು 171 ಕಿಲೋಗ್ರಾಂ: ಪಟ್ಟಿಯಲ್ಲಿ ಹೆಸರಿಲ್ಲದ ಇನ್ನಿಬ್ಬರು ಪ್ರಯಾಣಿಕರು ಹತ್ತಿ ಕುಳಿತಂತೆ. ಅಮೆರಿಕದ ವೈಮಾನಿಕ ಇಲಾಖೆಯು ಅಂಕಿಗಳನ್ನು ಏರಿಸಿತು.